ಗಾಲಿಯ ಮುಂದಿನ ಕಲ್ಲು

ನನಗೆ ಕಾರನ್ನು ಮುಂದಕ್ಕೆ ಓಡಿಸಲು ಬರುತ್ತದೆ, ಹಿಂದಕ್ಕೆ ಬರುವುದಿಲ್ಲ. ಅರವತ್ತು ದಾಟಿದ ಮೇಲೆ ಕಲಿತವನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ರಿವರ್ಸ್ ಗೇರು ಹಾಕಿ ಕತ್ತು ತಿರುಗಿಸಿದೆನೆಂದರೆ ಎಡ ಯಾವುದು, ಬಲ ಯಾವುದು ಎನ್ನುವುದೇ ಮರೆತುಹೋಗುತ್ತದೆ. ಹೀಗಾಗಿ ಎಲ್ಲಿಗೇ ಹೊರಟರೂ ನಾನು ಮೊದಲು ಯೋಚಿಸುವುದು ಅಲ್ಲಿಗೆ ಹೋಗುವ ದಾರಿಯನ್ನಲ್ಲ, ಅಲ್ಲಿಂದ ಹೊರಗೆ ಬರುವ ದಾರಿಯನ್ನು.

ಕಾರು ನನ್ನ ಹೆಂಡತಿ ಶಾರದೆಯದು. ನಮ್ಮ ಮನೆ ರಾಮಗಿರಿಯಲ್ಲಿ. ಅವಳು ಸರ್ಕಾರಿ ನರ್ಸ್ ಆಗಿ ಬಿ.ದುರ್ಗದ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದಳು. ಲಸಿಕೆಯ ಪೆಟ್ಟಿಗೆ ಹಿಡಿದು ಬಸ್ಸಿಗೆ ಕಾದು ಕಾದು ಸಾಕಾಗಿ, ಒಂದು ಹಳೆಯ ಬಿಳಿ ಕಾರು ಕೊಂಡು ಒಂದೇ ತಿಂಗಳಲ್ಲಿ ಓಡಿಸಲು ಕಲಿತಳು. ಹೈಸ್ಕೂಲಿನ ಗುಮಾಸ್ತನಾಗಿದ್ದ ನಾನು ಹನ್ನೆರಡು ವರ್ಷ ಅವಳ ಎಡಗಡೆ ಕೂತು ‘ನಿಧಾನ, ನಿಧಾನ’ ಎನ್ನುವ ಕೆಲಸವನ್ನು ನಿಷ್ಠೆಯಿಂದ ಮಾಡಿದೆ.

“ನಿಮ್ ಕಾಲ ಕೆಳಗೆ ಬ್ರೇಕ್ ಇಲ್ಲ, ಸುಮ್ನೆ ತುಳೀಬ್ಯಾಡ್ರಿ,” ಎಂದು ಅವಳು ನಗುತ್ತಿದ್ದಳು.

ಒಂಬತ್ತು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ಶಾರದೆ ಎದೆ ಹಿಡಿದುಕೊಂಡು ಮಂಚದ ಮೇಲೆ ಕೂತಳು. ಕಾರು ಬಾಗಿಲಲ್ಲೇ ನಿಂತಿತ್ತು. ಮನೆಯಲ್ಲಿ ಅದನ್ನು ಓಡಿಸಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಹೊಳಲ್ಕೆರೆಯಿಂದ ಆಂಬುಲೆನ್ಸ್ ಬಂತು. ಬರಬೇಕಾದಷ್ಟು ಬೇಗನೆ ಬಂತು, ಆದರೆ ದೂರ ಎಂಬುದು ದೂರವೇ. ಅವಳು ಅಷ್ಟು ಹೊತ್ತು ಕಾಯಲಿಲ್ಲ. ಸಮಾಧಾನ ಹೇಳಲು ಬಂದವರೆಲ್ಲ ಆ ಕಾರಿನ ಪಕ್ಕದಲ್ಲೇ ಹಾದು ಒಳಗೆ ಬಂದರು. ಒಬ್ಬರೂ ಅದರ ಮಾತೆತ್ತಲಿಲ್ಲ. ಎತ್ತಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳ ತಿಂಗಳ ತಿಥಿ ಮುಗಿದ ಮರುದಿನವೇ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಇನ್ನು ಯಾರಿಗೋಸ್ಕರ ಎಂದು ಮಾತ್ರ ಕೇಳಬೇಡಿ.

ಕಲಿತ ಮೇಲೆ ನನಗೆ ಹೊಸ ಗೌರವ ಹುಟ್ಟಿದ್ದು ಪಾರ್ಕಿಂಗ್ ಜಾಗ ಕಾಯುವವರ ಮೇಲೆ. ಕಾರಿನ ಬೆನ್ನನ್ನು ಅಂಗೈಯಿಂದ ತಟ್ಟುತ್ತ “ಬರ್ಲಿ, ಬರ್ಲಿ, ಇನ್ನಾ ಬರ್ಲಿ, ಸಾಕು” ಎನ್ನುವ ಆ ಮಾತಿನಷ್ಟು ಧೈರ್ಯ ಕೊಡುವ ಮಾತನ್ನು ನಾನು ಯಾವ ಪ್ರವಚನದಲ್ಲೂ ಕೇಳಿಲ್ಲ. ನಾಲ್ಕು ಬೆರಳಿನ ಸಂದಿಯಲ್ಲಿ ಗಾಡಿ ನುಗ್ಗಿಸುವ ಇವರಲ್ಲಿ ಎಷ್ಟೋ ಜನಕ್ಕೆ ಸ್ವತಃ ಕಾರು ಓಡಿಸಲು ಬರುವುದಿಲ್ಲ. ಇಷ್ಟಾದರೂ ಅವರ ತಲೆಯ ಮೇಲೊಂದು ಬೋರ್ಡು ಇದ್ದೇ ಇರುತ್ತದೆ: ‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು.’ ವಕೀಲನಾದ ನನ್ನ ಷಡ್ಡಕನನ್ನು ಈ ಬಗ್ಗೆ ಒಮ್ಮೆ ಕೇಳಿದ್ದೆ. ಬೋರ್ಡು ತೂಗುಹಾಕಿದ ಮಾತ್ರಕ್ಕೆ ಹೊಣೆ ಇಳಿಯುವುದಿಲ್ಲ, ಬೀಗದ ಕೈ ಕೊಟ್ಟಿದ್ದರೆ ಒಂದು ಮಾತು, ಕೊಡದಿದ್ದರೆ ಇನ್ನೊಂದು ಮಾತು, ಯಾರು ಎಷ್ಟು ಎಚ್ಚರ ತಪ್ಪಿದರು ಎಂದು ನೋಡಬೇಕಾಗುತ್ತದೆ ಎಂದು ಅರ್ಧ ಗಂಟೆ ವಿವರಿಸಿದ. ಕೊನೆಗೆ ನನಗೆ ತಿಳಿದದ್ದು, ಅದು ಅವನಿಗೂ ಖಚಿತವಿಲ್ಲ ಎಂಬುದು.

ಹೋದ ತಿಂಗಳು ಹಳೆಯ ಸಹೋದ್ಯೋಗಿಯ ಮಗಳ ಮದುವೆಗೆ ಚಿತ್ರದುರ್ಗಕ್ಕೆ ಹೋದೆ. ಕಲ್ಯಾಣ ಮಂಟಪದ ಪಕ್ಕದ ಬಯಲು ಕಾರುಗಳಿಂದ ತುಂಬಿಹೋಗಿತ್ತು. ಬಯಲು ಎಂದೆನಷ್ಟೆ, ನಿಜವಾಗಿ ಅದು ಒಂದು ಕಡೆಗೆ ಸಣ್ಣಗೆ ಇಳಿಜಾರಾದ ಬಂಡೆ. ಕಾವಲಿನವನ ಹೆಸರು ತಿಪ್ಪೇಸ್ವಾಮಿ, ಐವತ್ತರ ಆಸುಪಾಸು, ಕೊರಳಲ್ಲಿ ಸೀಟಿ.

“ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಬಿಟ್ಟು ಹೋಗ್ರಿ ಸಾರ್. ಹಿಂದ್ಲೋರು ಹೊಂಡ್ತೀನಿ ಅಂದ್ರೆ ನಾನೇ ತಳ್ಳಿ ಜಾಗ ಮಾಡ್ಕಂತೀನಿ,” ಎಂದ. ಬೀಗದ ಕೈ ಕೇಳಲಿಲ್ಲ. ಹೇಳಿದಂತೆ ಮಾಡಿ ಒಳಗೆ ಹೋದೆ.

ಒಳಗೆ ಹೋದ ಮೇಲೆ ಉಡುಗೊರೆಯ ಕುಕ್ಕರ್ ಹಿಂದಿನ ಸೀಟಿನಲ್ಲೇ ಉಳಿದದ್ದು ನೆನಪಾಗಿ ವಾಪಸು ಬಂದೆ. ನೋಡಿದರೆ ಮುಂದಿನ ಗಾಲಿಗೆ ತಾಗಿಕೊಂಡು ತೆಂಗಿನಕಾಯಿ ಗಾತ್ರದ ಒಂದು ಚೂಪು ಕಲ್ಲು. ಹೊರಡುವಾಗ ಟೈರಿಗೆ ಚುಚ್ಚೀತು ಎಂದು, ಶಾರದೆಯ ಕಾರನ್ನು ನಾನೆಷ್ಟು ಜೋಪಾನ ಮಾಡುತ್ತಿದ್ದೇನೆ ಎಂಬ ಹೆಮ್ಮೆಯಿಂದಲೇ, ಬಗ್ಗಿ ಅದನ್ನು ಎತ್ತಿ ಬೇಲಿಯಾಚೆ ಎಸೆದೆ. ಕುಕ್ಕರ್ ತೆಗೆದುಕೊಂಡು ಬಾಗಿಲನ್ನು ಗಟ್ಟಿಯಾಗಿ ಹಾಕಿ ಹೊರಟೆ.

ಊಟದ ಪಂಕ್ತಿಯಲ್ಲಿ ಎರಡನೇ ಹೋಳಿಗೆ ಬೀಳುವ ಹೊತ್ತಿಗೆ ಮೈಕಿನಲ್ಲಿ ಕರೆದರು: “ಬಿಳಿ ಕಾರಿನ ಮಾಲೀಕರು ಕೂಡಲೇ ಹೊರಗೆ ಬರಬೇಕು.” ಹಿಂದೆಯೇ ನಂಬರನ್ನೂ ಹೇಳಿದರು. ಪಂಕ್ತಿಯಲ್ಲಿ ಎಂಟೊಂಬತ್ತು ಜನ ಎಂಜಲು ಕೈಯಲ್ಲೇ ಎದ್ದು ನಿಂತರು. ನಾನು ಏಳಲಿಲ್ಲ. ನನಗೆ ಆ ಕಾರಿನ ನಂಬರು ಬಾಯಿಪಾಠವಿಲ್ಲ, ಅದು ಗೊತ್ತಿದ್ದದ್ದು ಶಾರದೆಗೆ. ಎದ್ದವರೆಲ್ಲ ಒಬ್ಬೊಬ್ಬರಾಗಿ ಮರಳಿ ಕೂತ ಮೇಲೆ ನನಗೆ ಅನುಮಾನ ಬಂತು.

ಹೊರಗೆ ನಮ್ಮ ಕಾರು ತಾನಾಗಿಯೇ ಇಳಿದು ಹೋಗಿ, ಕೆಳಗಿದ್ದ ಕೆಂಪು ಕಾರಿನ ಬೆನ್ನಿಗೆ ಮೂತಿಯಿಟ್ಟು ನಿಂತಿತ್ತು. ಕೆಂಪು ಕಾರು ಹೊಚ್ಚ ಹೊಸದು, ಪೂಜೆಯ ಕುಂಕುಮ ಇನ್ನೂ ಅಳಿಸಿರಲಿಲ್ಲ. ಅದರ ಹಿಂದಿನ ದೀಪ ಪುಡಿಯಾಗಿತ್ತು. ಕಾರಿನವನು ಹೊಸದುರ್ಗದ ಕೊಬ್ಬರಿ ವ್ಯಾಪಾರಿ.

“ಏನಪ್ಪ, ಗಾಡಿ ಕಾಯಕ್ಕೆ ನಿಂತಿದ್ದೀಯೋ, ಗಂಡು ಹೆಣ್ಣು ನೋಡಕ್ಕೆ ನಿಂತಿದ್ದೀಯೋ?” ಎಂದು ತಿಪ್ಪೇಸ್ವಾಮಿಯ ಮೇಲೆ ಕೂಗಾಡುತ್ತಿದ್ದ.

“ತಪ್ಪು ನಂದೇ ಸಾರ್. ಕಲ್ಲು ಸರಿಯಾಗಿ ಕೂತಿಲ್ಲ ಅನ್ಸುತ್ತೆ. ಗಾಡಿ ಒಳಗೆ ಬಂತು ಅಂದ್ರೆ ಅದು ನಂದೇಯ.”

ಅಲ್ಲೂ ತೂಗುತ್ತಿದ್ದ ಬೋರ್ಡಿನ ಕಡೆ ಅವನು ಬೊಟ್ಟು ಮಾಡಬಹುದಿತ್ತು. ಮಾಡಲಿಲ್ಲ. ಅಷ್ಟರಲ್ಲಿ ಮಂಟಪದ ಮ್ಯಾನೇಜರ್ ಬಂದು, “ಸೀಟಿ ಕೊಟ್ಟು ಹೋಗು, ನಾಳೆಯಿಂದ ಬರೋದೇ ಬ್ಯಾಡ,” ಎಂದ. ತಿಪ್ಪೇಸ್ವಾಮಿ ಸೀಟಿಯ ದಾರವನ್ನು ಕೊರಳಿನಿಂದ ತೆಗೆಯತೊಡಗಿದ. ಟೋಪಿಗೆ ಸಿಕ್ಕಿಕೊಂಡು ಅದು ಬೇಗ ಬರಲಿಲ್ಲ.

ಆ ದಾರ ಬಿಡಿಸುವಷ್ಟು ಹೊತ್ತು ನಾನು ಗುಂಪಿನ ಹಿಂದೆ ಸುಮ್ಮನೆ ನಿಂತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಯಾರೂ ನೋಡಿಲ್ಲ, ಯಾರೂ ಕೇಳುವುದಿಲ್ಲ ಎಂದು ಮನಸ್ಸು ಹೇಳಿತು. ಎಂಟು ತಿಂಗಳಿಂದ ನನ್ನನ್ನು ಹಿಂಡುತ್ತಿದ್ದದ್ದೂ ಅದೇ ಅಲ್ಲವೇ, ಯಾರೂ ಕೇಳದೇ ಇದ್ದದ್ದು? ಮುಂದೆ ಬಂದು ಹೇಳಿಬಿಟ್ಟೆ: “ಕಲ್ಲು ತೆಗೆದೋನು ನಾನು. ಟೈರಿಗೆ ಚುಚ್ಚುತ್ತೆ ಅಂತ ಎಸೆದೆ.”

ಯಾರೋ ಹಿಂದಿನಿಂದ, “ದುರ್ಗದಾಗೆ ಕಲ್ಲು ಎತ್ತಿಹಾಕಕ್ಕೆ ಹೊರಟ್ರೆ ಯಾವಾಗ ಮುಗೀತದ್ರಿ ಯಜಮಾನ್ರೆ?” ಎಂದಾಗ ಗುಂಪಿಗೆ ಗುಂಪೇ ನಕ್ಕಿತು. ತಿಪ್ಪೇಸ್ವಾಮಿ ನಗಲಿಲ್ಲ.

“ಕಲ್ಲು ಯಾಕಿಟ್ಟೀನಿ ಅಂತ ನಿಮಗೆ ಹೇಳ್ಬೇಕಿತ್ತು ಸಾರ್. ಹೇಳ್ಲಿಲ್ಲ. ಅಷ್ಟು ನಂದು,” ಎಂದ. ನಾನು ಪೂರ್ತಿ ತಪ್ಪು ಒಪ್ಪಿಕೊಂಡರೂ ತನ್ನ ಪಾಲನ್ನು ಅವನು ಬಿಟ್ಟುಕೊಡಲಿಲ್ಲ. ಇದನ್ನು ಕಂಡು ಕೊಬ್ಬರಿ ವ್ಯಾಪಾರಿಗೂ ಏನೋ ಆಯಿತು. ತಲೆ ಕೆರೆದುಕೊಂಡು, “ಇಳಿಜಾರಾಗೆ ಬ್ಯಾಡ ಅಂತ ಈ ಪುಣ್ಯಾತ್ಮ ಹೇಳಿದ್ದ. ನೆರಳೈತೆ ಅಂತ ನಾನೇ ನಿಲ್ಸಿದೆ. ನಂದೂ ಒಂಚೂರು ಐತೆ ಬಿಡ್ರಿ,” ಎಂದ. ದೀಪ ಹಾಕಿಸಿಕೊಡುತ್ತೇನೆ ಎಂದು ನಾನು ಅವನಿಗೆ ಮಾತು ಕೊಟ್ಟೆ. ಮ್ಯಾನೇಜರ್ ತಿಪ್ಪೇಸ್ವಾಮಿಗೆ, “ಲೇ, ನಿಂತ್ಕಂಡೇನು ನೋಡ್ತೀಯ, ಗಾಜು ಗುಡ್ಸು,” ಎಂದು ಗದರಿ ಒಳಗೆ ಹೋದ. ಸೀಟಿ ಮತ್ತೆ ಕೊರಳಿಗೆ ಬಂತು.

ನನ್ನ ಷಡ್ಡಕ ಅರ್ಧ ಗಂಟೆಯಲ್ಲಿ ಬಿಡಿಸಲಾಗದ್ದನ್ನು ಮೂರು ಜನ ಐದು ನಿಮಿಷದಲ್ಲಿ ಮುಗಿಸಿದ್ದೆವು. ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟಲು ಜಗಳವಾಗುವುದನ್ನು ಎಲ್ಲರೂ ನೋಡಿದ್ದೇವೆ. ತನ್ನ ಪಾಲು ತನಗೇ ಇರಲಿ ಎಂದು ಹಟ ಹಿಡಿಯುವವನನ್ನು ನಾನು ನೋಡಿದ್ದು ಅಂದೇ. ನಾನು ಹುಟ್ಟಿ ಬೆಳೆದ ಸೀಮೆಯ ಮೇಲೆ ನನಗೆ ಅಷ್ಟು ಅಭಿಮಾನ ಉಕ್ಕಿದ್ದೂ ಅಂದೇ.

ಸಂಜೆ ಹಿರಿಯೂರಿನಲ್ಲಿರುವ ಮಗಳು ಸುಮಾಗೆ ಫೋನ್ ಮಾಡಿ ಕಲ್ಲಿನ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಎಂಟು ತಿಂಗಳಿಂದ ನಾವಿಬ್ಬರೂ ‘ಊಟ ಆಯ್ತಾ’ ಎನ್ನುವುದರಾಚೆ ಹೋಗಿರಲಿಲ್ಲ. ಆ ನಗುವಿನ ಬಲದಲ್ಲೇ ಕೇಳಿಬಿಟ್ಟೆ.

“ಸುಮಾ, ಅವತ್ತು ನನಗೆ ಕಾರು ಓಡ್ಸಕ್ಕೆ ಬರ್ತಿದ್ರೆ ನಿಮ್ಮಮ್ಮ ಉಳೀತಿದ್ಲೇನವ್ವ?”

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

“ಅಪ್ಪಾ, ಅಮ್ಮಂಗೆ ಹದಿನೈದು ದಿನದಿಂದ ಎದೆ ಒಂಥರಾ ಆಗ್ತಿತ್ತು. ನನಗೆ ಹೇಳಿದ್ಲು. ಅಪ್ಪಂಗೆ ಹೇಳ್ಬೇಡ, ಸುಮ್ನೆ ಗಾಬರಿ ಬೀಳ್ತಾರೆ ಅಂದ್ಲು. ನಾನೂ ಹೇಳ್ಲಿಲ್ಲ.” ಅವಳು ಅಳುತ್ತಿದ್ದಳು. “ಅಷ್ಟು ನಂದಪ್ಪ.”

ಇದನ್ನು ಈ ಹುಡುಗಿ ಒಬ್ಬಳೇ ಎಂಟು ತಿಂಗಳು ಹೊತ್ತಿದ್ದಳು. ನನ್ನದನ್ನು ನಾನೊಬ್ಬನೇ ಹೊತ್ತಂತೆ.

“ಅಳಬ್ಯಾಡ,” ಎಂದೆ. “ನರ್ಸಮ್ಮ ಅವಳು. ಊರಿಗೆಲ್ಲ ಎದೆನೋವು ಬಂದ್ರೆ ಆಸ್ಪತ್ರೆಗೆ ಅಟ್ತಿದ್ಲು. ತನ್ನ ನೋವು ಮಾತ್ರ ಮುಚ್ಚಿಟ್ಕಂಡ್ಲು ನೋಡು. ಅವಳ ಪಾಲೇ ದೊಡ್ಡದೈತೆ.”

“ಹೂಂ ಅಪ್ಪ,” ಎಂದು ಸುಮಾ ಮೂಗೆಳೆದುಕೊಂಡು, ಅಳುವಿನ ನಡುವೆಯೇ ನಕ್ಕಳು. “ಕೇಳಣಾ ಅಂದ್ರೆ ಅವಳೇ ಇಲ್ಲ.”

ಫೋನ್ ಇಟ್ಟ ಮೇಲೂ ಶಾರದೆಯ ಮೇಲೆ ನನಗೆ ಸಿಟ್ಟು ಇಳಿಯಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಹಾಕಿ ತಾನಲ್ಲ ಎಂದು ವಾದಿಸಿದ ದಿನ ಬರುತ್ತಿತ್ತಲ್ಲ, ಅಂಥದೇ ಸಿಟ್ಟು. ಸತ್ತವರ ಮೇಲೆ ಹಾಗೆ ಸಿಟ್ಟಾಗಬಾರದು ಎನ್ನುತ್ತಾರೆ. ನನಗೇನೋ ಅದು ಹಿತವಾಗಿತ್ತು. ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿಯೇ ಎರಡು ಮಾತು ಅಂದೆ. ಅವಳು ಹೋದಂದಿನಿಂದ ನಾವು ಮಾತಾಡಿದ್ದು ಅದೇ ಮೊದಲು.