ಅತ್ತೆ ಮೂಸಿದ ಬಿಯರ್

ಮಟ್ಟಾಂಚೇರಿಯ ಮಸಾಲೆ ಅಂಗಡಿಗಳ ಬೀದಿಗೆ ಕಾಲಿಟ್ಟರೆ ಒಣಶುಂಠಿ, ಮೆಣಸಿನ ಘಾಟು ಮೂಗಿಗೆ ಬಡಿಯಬೇಕು. ವೈರಲ್ ಜ್ವರ ಬಿಟ್ಟ ಮೇಲೆ ಕೆಲಸಕ್ಕೆ ಹೋದ ಮೊದಲ ದಿನ ನನಗೇನೂ ಬಡಿಯಲಿಲ್ಲ. ಅಂಗಡಿಯ ಮುಂದೆ ಹರಡಿದ್ದ ಶುಂಠಿಯ ತುಂಡೊಂದನ್ನು ಎತ್ತಿ ಮೂಸಿದೆ. ಮರದ ಚೂರು ಮೂಸಿದ ಹಾಗಿತ್ತು. ಬಿಯರ್ ಮಾಡುವವಳಿಗೆ ಮೂಗೇ ಹೋದರೆ ಇನ್ನೇನು ಉಳಿಯಿತು, ಹೇಳಿ?

ಅದೂ ಎಂಥ ಹೊತ್ತಿನಲ್ಲಿ! ನಮ್ಮ ಸಣ್ಣ ಕಂಪನಿಯ ಹೊಸ ಬಿಯರ್ ಯಾವ ಬಗೆಯದಾಗಬೇಕೆಂದು ತೀರ್ಮಾನಿಸುವ ಅವಕಾಶ ನನಗೆ ಸಿಕ್ಕಿದ್ದು ಅದೇ ಮೊದಲು. ಬಿಯರ್ ತಯಾರಾಗುವುದು ಬೆಂಗಳೂರಿನ ಹೊರಗೆ. ರುಚಿ ನೋಡಿ ಆರಿಸುವುದು ಇಲ್ಲಿ, ಹಳೇ ಗೋದಾಮೊಂದರ ಮಹಡಿಯ ಕಚೇರಿಯಲ್ಲಿ. ಮೂರು ಮಾದರಿ ಬಂದು ಕೂತಿದ್ದವು: ತಿಳಿಬಣ್ಣದ ಲಾಗರ್, ಮಬ್ಬಾದ ಗೋಧಿ ಬಿಯರ್, ಕಪ್ಪನೆಯ ಸ್ಟೌಟ್. ಮಾಲೀಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಒಳ್ಳೆಯ ಮನುಷ್ಯ, ಪಾಪ, ನನಗಿಂತ ಹೆಚ್ಚು ಪೇಚಾಡಿದರು. ಆದರೆ ಶುಕ್ರವಾರದೊಳಗೆ ನಾನು ಹೇಳದಿದ್ದರೆ ಬೆಂಗಳೂರಿನವರೇ ಆರಿಸುತ್ತಾರೆ ಎಂದರು. ಬೆಂಗಳೂರಿನವರ ಒಲವೇನೋ ಲಾಗರ್ ಕಡೆಗಿತ್ತು.

ಅಳುತ್ತಾ ತಿರುವನಂತಪುರಕ್ಕೆ ಫೋನ್ ಮಾಡಿದೆ. ಗಂಡನಿಗೆ ಅಲ್ಲಿ ಕೇಂದ್ರ ಸರ್ಕಾರದ ಕೆಲಸ. ಅದೇ ಊರಿನ ತಂಪಾನೂರಿನ ಹತ್ತಿರ ಅವರೂ ಅತ್ತೆಯೂ ಇರುತ್ತಾರೆ. ಫೋನ್ ಎತ್ತಿದ್ದು ಅತ್ತೆ. ಮೈಸೂರಿನ ಮಡಿ ಹೆಂಗಸು. ನೆಂಟರ ಮುಂದೆ ನನ್ನ ಉದ್ಯೋಗವನ್ನು ‘ಫುಡ್ ಕಂಪನಿ’ ಎಂದೇ ಹೇಳಿ ಮಾತು ಬದಲಿಸುವವರು.

ಎಲ್ಲ ಕೇಳಿಸಿಕೊಂಡು, “ಅಳಬೇಡ ಕಣೇ. ನನ್ನ ಮೂಗು ಇಲ್ವೇನು? ಬಂದು ಮೂಸ್ತೀನಿ. ನಾಲಿಗೆಗೆ ಮಾತ್ರ ತಾಗಿಸೋಲ್ಲ, ಈಗ್ಲೇ ಹೇಳಿದೀನಿ” ಎಂದರು.

ಮಾರನೆಯ ದಿನ ಬೆಳಗಿನ ರೈಲಿಗೆ ಬಂದೇಬಿಟ್ಟರು.

ಮಾಲೀಕರು “ಅಮ್ಮಾ, ಇರಿಕ್ಕೂ” ಎಂದು ಕುರ್ಚಿ ಎಳೆದು, ವಾಸನೆ ಹಾರಿಹೋಗದಿರಲೆಂದು ಫ್ಯಾನ್ ನಿಲ್ಲಿಸಿದರು. ಅತ್ತೆ ಸೆರಗು ಬಿಗಿದುಕೊಂಡು ಮೊದಲು ಸ್ಟೌಟಿನ ಲೋಟ ಮೂಸಿದರು. “ಕಾಫಿ ಬೀಜ ಸೀಸಿದಾರೆ.” ಆಮೇಲೆ ಗೋಧಿಯದು. “ಬಾಳೆಹಣ್ಣಿನ ರಸಾಯನಕ್ಕೆ ಯಾರೋ ಲವಂಗ ಹಾಕಿದಾರೆ. ಹ್ಞೂಂ, ಪರವಾಗಿಲ್ಲ.” ಲಾಗರ್ ಮೂಸುತ್ತಲೇ ಮುಖ ಅರಳಿತು. “ಆಹಾ! ಇದು ನೋಡು! ಆಗತಾನೇ ಕಡೆದ ಬೆಣ್ಣೆ! ಕಣ್ಣು ಮುಚ್ಚಿ ಇದನ್ನೇ ಆರಿಸು.”

ನಾನು ಆ ಲೋಟವನ್ನು ಮಾಲೀಕರ ಕಡೆ ಸರಿಸಿದೆ. ಲಾಗರಿನಲ್ಲಿ ಬೆಣ್ಣೆಯ ವಾಸನೆ ಬಂತೆಂದರೆ ಅದು ಪೂರ್ತಿ ಮಾಗುವ ಮೊದಲೇ ತಣ್ಣಗಾಗಿಸಿದ್ದಾರೆಂದು ಅರ್ಥ. ನಮ್ಮ ಕಸುಬಿನಲ್ಲಿ ಅದು ದೋಷ. ಅಂಗಡಿಯ ಸೆಕೆಯಲ್ಲಿ ಕೂತಷ್ಟೂ ಜೋರಾಗುತ್ತದೆ. ಮಾಲೀಕರು ಕೊರೆಯುವಷ್ಟು ತಣ್ಣಗೆ ಕುಡಿದಿದ್ದರಿಂದ ಅವರಿಗೆ ತಿಳಿದಿರಲಿಲ್ಲ. ಈಗ ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಮೂಸಿ, “ಅಯ್ಯೋ, ಬಟರ್ ಬಿಸ್ಕತ್ತು!” ಎಂದು ಕೆಳಗಿಟ್ಟರು. ಬಾಳೆಹಣ್ಣು, ಲವಂಗ ಮಾತ್ರ ಗೋಧಿ ಬಿಯರಿಗೆ ಇರಬೇಕಾದ ವಾಸನೆಯೇ. ಅದನ್ನೇ ಆರಿಸಿದೆ.

ಅತ್ತೆಗೆ ಬಂತು ನೋಡಿ ಸಿಟ್ಟು! “ಇಷ್ಟು ದೂರ ಕರೆಸಿಕೊಂಡು, ನಾನು ಹೇಳಿದ್ದು ಬಿಟ್ಟು ಬೇರೆಯದಾ? ಬೆಣ್ಣೆ ದೋಷವಂತೆ!” ನಾನು ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹಾಕಿಕೊಳ್ಳಲಿಲ್ಲ. ಆ ಗೋಧಿ ಬಿಯರ್ ಚೆನ್ನಾಗಿಯೇ ಮಾರಾಟವಾಗುತ್ತಿದೆ. ಅದನ್ನು ನನ್ನದು ಎಂದು ಯಾರಾದರೂ ಹೊಗಳಿದಾಗ ನನಗೆ ಅತ್ತೆಯ ಮುಖವೇ ನೆನಪಾಗುತ್ತದೆ. ಒಲ್ಲದ ವಸ್ತುವಿಗೆ ನನಗಾಗಿ ಮೂಗೊಡ್ಡಿದ ಅವರ ಋಣ ನಾನು ತೀರಿಸಲಾರೆ.

ಕೆಲವು ತಿಂಗಳ ಮೇಲೆ ಒಂದು ಭಾನುವಾರ ತಂಪಾನೂರಿನ ಮನೆಯಲ್ಲಿ ಬಟ್ಟೆ ಮಡಿಸುತ್ತಾ ಕೂತಿದ್ದೆ. ಅಡುಗೆಮನೆಯಿಂದ ಏನೋ ತೆಳ್ಳಗೆ ತೇಲಿ ಬಂತು. ಕೈಲಿದ್ದ ಸೀರೆ ಬಿಟ್ಟು ಓಡಿದೆ. ಅತ್ತೆ ನುಗ್ಗೆಸೊಪ್ಪು ಹಾಕಿ ತುಪ್ಪ ಕಾಯಿಸುತ್ತಿದ್ದರು.

“ಅತ್ತೆ, ಬೆಣ್ಣೆ!” ಎಂದೆ. ಕಣ್ಣೀರು ಸುರಿಸುತ್ತಲೇ ಒಲೆಯ ಮೇಲೆ ಬಗ್ಗಿ ಮತ್ತೊಮ್ಮೆ ಮೂಸಿದೆ.

ಅವರಿಗೆ ಅರ್ಥವಾಯಿತು. ಒಲೆ ಸಣ್ಣ ಮಾಡಿ, ಜಿಡ್ಡಿನ ಕೈಯಲ್ಲೇ ನನ್ನ ಕೆನ್ನೆ ಒರೆಸಿದರು.

“ಈಗಲಾದ್ರೂ ಗೊತ್ತಾಯ್ತೇನೇ, ಅವತ್ತು ನಾನು ಆರಿಸಿದ್ದು ಎಂಥದ್ದು ಅಂತ?”