ಹೆಣ್ಣಿನ ಕಡೆಯ ಮಾನಿಟರು

ಮಳವಳ್ಳಿಯ ನಮ್ಮ ಪುಟ್ಟ ಅಂಗಡಿಯಲ್ಲಿ ನಾನೂ ನನ್ನ ತಂಗಿಯೂ ಮದುವೆ ಆಲ್ಬಂ ಮಾಡಿಕೊಡುತ್ತಿದ್ದೆವು. ಮೇಜಿನ ನಡುವೆ ಲ್ಯಾಪ್‌ಟಾಪು, ಅದರ ಎಡಕ್ಕೊಂದು ಬಲಕ್ಕೊಂದು ಮಾನಿಟರು. ಫೋಟೊ ಆರಿಸಲು ಬೀಗರು ಒಟ್ಟಿಗೆ ಬಂದರೆ ಒಂದೇ ಪರದೆಗೆ ಮುಗಿಬಿದ್ದು, ನಮ್ಮ ಚಿಕ್ಕಪ್ಪ ಎಲ್ಲಿ, ನಮ್ಮ ಸೋದರತ್ತೆ ಎಲ್ಲಿ ಎಂದು ಜಗಳಕ್ಕೇ ನಿಲ್ಲುತ್ತಿದ್ದರು. ಅದಕ್ಕೇ ಎಡಗಡೆಯದನ್ನು ಹೆಣ್ಣಿನ ಕಡೆಯವರಿಗೆ, ಬಲಗಡೆಯದನ್ನು ಗಂಡಿನ ಕಡೆಯವರಿಗೆ ಹಂಚಿಬಿಟ್ಟೆವು. ಮಾನಿಟರುಗಳಿಗೂ ಅದೇ ಹೆಸರಾಯಿತು. ಹೆಣ್ಣಿನ ಕಡೆಯ ಮುಂದೆ ತಂಗಿ ಕೂರುತ್ತಿದ್ದಳು. ಎಂಥವರನ್ನೂ ನಗಿಸುವ ಬಾಯಿ ಅವಳದು. ನನಗೆ ಅಷ್ಟು ತಾಳ್ಮೆ ಇಲ್ಲ.

ಅವಳಿಗೂ ಮದುವೆಯಾಯಿತು. ಗಂಡನಿಗೆ ಬ್ಲಫ್‌ನ ಕರೆಂಟು ಉತ್ಪಾದಿಸುವ ಕೇಂದ್ರದಲ್ಲಿ ಕೆಲಸ, ಮನೆಯೂ ಆ ಊರಲ್ಲೇ.

"ವಾರಕ್ಕೆರಡು ದಿನ ಬಸ್ಸತ್ತಿ ಬತ್ತೀನಿ. ನನ್ನ ಕುರ್ಚೀಲಿ ಯಾರ್ನೂ ಕೂರುಸ್ಬೇಡ ಕಣಕ್ಕಾ" ಎಂದು ಹೇಳಿಹೋದಳು.

ನಾನು ಕೂರಿಸಲಿಲ್ಲ. ಕೆಲಸ ಕೇಳಿಕೊಂಡು ಬಂದವರನ್ನು ಮುಖ ಗಂಟಿಕ್ಕಿಕೊಂಡೇ ವಾಪಸ್ಸು ಕಳಿಸಿದೆ. ಆಷಾಢಕ್ಕೆ ತವರಿಗೆ ಬಂದವಳು ದಿನಾ ಅಂಗಡಿಗೂ ಬಂದಳು. ಆ ತಿಂಗಳು ಕಳೆದದ್ದೇ ಗೊತ್ತಾಗಲಿಲ್ಲ. ಆಮೇಲೆ ಅವಳು ಬರಲಿಲ್ಲ. ರಸ್ತೆಯಲ್ಲಿ ಬಸ್ಸು ನಿಂತ ಸದ್ದಾದಾಗಲೆಲ್ಲ ಬಾಗಿಲು ನೋಡುವುದೇ ನನ್ನ ಪಾಡಾಯಿತು.

ಒಂದು ಮಧ್ಯಾಹ್ನ ಅವಳ ಫೋನು ಬಂತು.

"ಅಕ್ಕಾ, ಹೆಣ್ಣಿನ ಕಡೆಗೆ ಮೌಸು ಓಯ್ತಾನೇ ಇಲ್ಲ. ಬಲಕ್ಕೆ ತಳ್ಳುದ್ರೆ ಗೋಡೆಗೆ ಗುದ್ದಿದಂಗೆ ನಿಂತ್ಕತದೆ."

"ಯಾವ ಮೌಸೇ?" ಎಂದೆ.

ಗಂಡ ಮನೆಯಲ್ಲೇ ಮೇಜು ಹಾಕಿಸಿ, ಎರಡು ಮಾನಿಟರು ತಂದುಕೊಟ್ಟಿದ್ದನಂತೆ. ಎಡಕ್ಕೆ ಗೋಡೆ, ಜಾಗವಿಲ್ಲ. ಎರಡನ್ನೂ ಲ್ಯಾಪ್‌ಟಾಪಿನ ಬಲಕ್ಕೇ, ಹೆಣ್ಣಿನ ಕಡೆಯದನ್ನು ಕೊನೆಗೆ ಇಟ್ಟಿದ್ದಳು. ಕಂಪ್ಯೂಟರಿನೊಳಗೆ ಮಾತ್ರ ನಮ್ಮ ಅಂಗಡಿಯಲ್ಲಿದ್ದಂತೆಯೇ ಹೆಣ್ಣಿನ ಕಡೆಯನ್ನು ಎಡಕ್ಕೆ ಜೋಡಿಸಿದ್ದಳು.

"ಕೈ ತಾನಾಗೇ ಅಂಗ್ ಮಾಡ್ಬುಡ್ತು ಕಣಕ್ಕಾ" ಎಂದು ನಕ್ಕಳು.

ಫೋನಲ್ಲಿ ಹೇಳಿದರೆ ತಿಳಿಯಲ್ಲ, ಇಲ್ಲಿಗೇ ಬಾ, ತೋರಿಸ್ತೀನಿ ಎಂಬ ಮಾತು ಬಾಯಿತನಕ ಬಂದಿತ್ತು.

"ಡಿಸ್‌ಪ್ಲೇ ಸೆಟ್ಟಿಂಗ್ ತೆಗಿ" ಎಂದೆ. "ಮೂರು ಚೌಕ ಕಾಣ್ತವಲ್ಲ, ಎಡಗಡೇದನ್ನ ಎಳ್ಕೊಂಡೋಗಿ ಬಲಗಡೆ ಕೊನೇಗೆ ಅಂಟುಸು. ಮೇಲಿನ ಅಂಚು ಮೂರೂ ಒಂದೇ ಸಮ ಇರ್ಲಿ, ಇಲ್ದಿದ್ರೆ ಮೂಲೇಲಿ ಸಿಕ್ಕಾಕತದೆ. ಈಗ ಅಪ್ಲೈ ಕೊಡು."

ಅತ್ತ ಕಡೆಯಿಂದ ಮೌಸು ಒತ್ತಿದ ಸದ್ದು ಕೇಳಿಸಿತು.

"ಸಲೀಸಾಗಿ ಓಡ್ತಾ ಅದೆ ಕಣಕ್ಕಾ" ಎಂದಳು. ಎಷ್ಟು ಖುಷಿ ಆ ದನಿಯಲ್ಲಿ. ನನಗೆ ಖುಷಿಯಾಗಲಿಲ್ಲ.

"ಈ ವಾರ ಬತ್ತೀಯಾ?" ಎಂದು ಕೇಳಿದೆ.

"ಇನ್ಯಾಕಕ್ಕಾ ಬರೋದು? ಫೋಟೊ ಕಳ್ಸು, ಇಲ್ಲೇ ಕೂತು ಮಾಡ್ಕೊಡ್ತೀನಿ."

"ಕಳುಸ್ತೀನಿ ಬುಡು" ಎಂದೆ.