ಕೆಲಸವಿಲ್ಲದೆ ಬಸ್ಸು ಹತ್ತುತ್ತಿದ್ದ ಅಕ್ಕ

ನಾನು ಮಾಡಬೇಕಾಗಿದ್ದದ್ದು ಬಹಳ ಸಣ್ಣ ಕೆಲಸ. ಟ್ರಂಕು ತೆರೆದು, ನನ್ನ ಮದುವೆ ಸೀರೆಯ ಮಡಿಕೆಯೊಳಗಿಂದ ಅಕ್ಕನ ಆಧಾರ್ ಕಾರ್ಡು ತೆಗೆದು, ‘ತಗೋ, ಇದನ್ನು ಬಚ್ಚಿಟ್ಟವಳು ನಾನೇ’ ಎಂದು ಅವಳ ಕೈಗೆ ಕೊಡುವುದು. ಒಂದು ನಿಮಿಷವೂ ಹಿಡಿಯದ ಈ ಕೆಲಸವನ್ನು ನಾನು ಹಿಂಗಾರಿ ಜೋಳ ಬಿತ್ತಿದಾಗಿನಿಂದ ಜೋಳ ಕೊಯ್ಯುವ ತನಕ ಮಾಡಲಿಲ್ಲ.

ಇಷ್ಟಕ್ಕೇ ಇಷ್ಟೊಂದು ಸಂಕಟವೇ ಎಂದು ನಿಮಗೆ ಅನ್ನಿಸಬಹುದು. ಅಂಗೈಯಲ್ಲಿ ಅಡಗುವ ಒಂದು ತುಂಡು, ಅದರ ಮೇಲೆ ನಮ್ಮದೇ ಆದರೂ ಯಾರದೋ ಎನ್ನಿಸುವ ಒಂದು ಮುಖ. ಆದರೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕಂಡಕ್ಟರು ಕೇಳುವುದು ಅದನ್ನೇ. ನಮಗೆಲ್ಲ ಅದು ಸೊಸೈಟಿ ಅಕ್ಕಿಗೆ, ಬ್ಯಾಂಕಿಗೆ ಬೇಕಾಗುವ ಚೀಟಿ. ಅಕ್ಕನಿಗೆ ಮಾತ್ರ ಅದು ಮಾನ್ವಿಯಿಂದ ಹೊರಡುವ ಎಲ್ಲ ರಸ್ತೆಗಳ ಬಾಗಿಲಾಗಿತ್ತು.

ನನ್ನ ಅಕ್ಕ ದುರುಗಮ್ಮ ಕುರಿಯ ಹಿಂದೆ ನಡೆದು ಬೆಳೆದವಳು. ನಾವು ಹಿರೇಕೊಟ್ನೆಕಲ್ಲಿನವರು. ಇಬ್ಬರಲ್ಲಿ ಒಬ್ಬಳು ಕುರಿ ಕಾಯಬೇಕಿತ್ತು, ಒಬ್ಬಳು ಶಾಲೆಗೆ ಹೋಗಬಹುದಿತ್ತು. ಅವಳು ಕೋಲು ಹಿಡಿದಳು, ನಾನು ಪಾಟಿ ಹಿಡಿದೆ. ನಾಲ್ಕನೆಯ ತರಗತಿಗೆ ನನ್ನ ಶಾಲೆ ಮುಗಿಯಿತು, ಅವಳ ನಡಿಗೆ ಮಾತ್ರ ಐವತ್ತು ದಾಟಿದರೂ ಮುಗಿಯಲಿಲ್ಲ. ಕೊಯ್ಲು ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ ಅವಳು ಸಿರವಾರ, ದೇವದುರ್ಗ, ರಾಯಚೂರುಗಳ ಪಕ್ಕದಿಂದಲೇ ಹಾದುಹೋಗಿದ್ದಾಳೆ, ಆದರೆ ಒಂದು ಊರಿನೊಳಗೂ ಹೊಕ್ಕಿಲ್ಲ. ಕುರಿ ಕಟ್ಟಿಕೊಂಡು ಪೇಟೆಗೆ ಹೋಗುವವರು ಯಾರು? ಅವಳ ಪಾಲಿಗೆ ದೇವದುರ್ಗವೆಂದರೆ ಗುಡ್ಡದ ಬುಡದ ಒಂದಿಷ್ಟು ದೀಪ. ರಾಯಚೂರೆಂದರೆ ಮೋಡಕ್ಕೆ ಹೊಗೆ ಬಿಡುವ ಶಕ್ತಿನಗರದ ಚಿಮಣಿಗಳು. ಗಂಡ ತೀರಿಹೋಗಿ, ಕುರಿ ಮಾರಿ ಮಾನ್ವಿಗೆ ನನ್ನ ಮನೆಗೆ ಬಂದಾಗ ಅವಳು ನನ್ನ ಹೆಸರು ಹಿಡಿದು ಹೇಳಿದ ಮಾತು ಒಂದೇ. “ಇಷ್ಟ್ ದಿನ ಊರುಗಳ ಬೆನ್ನು ನೋಡೀನಿ, ಹುಲಿಗಿ. ಇನ್ನ ಮಾರಿ ನೋಡತೀನಿ.”

ಹಾಗೆ ನೋಡಲು ಹೊರಟಳು. ಬೆಳಿಗ್ಗೆ ರೊಟ್ಟಿ ಬಡಿದು, ಒಂದನ್ನು ಸೆರಗಿಗೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ, ಸೀಟು ಸಿಕ್ಕ ಬಸ್ಸು ಹತ್ತಿ, ಅದು ನಿಲ್ಲುವ ಕೊನೆಯ ಊರಿನ ತನಕ ಹೋಗಿ, ಊರು ಸುತ್ತಿ, ಹೊತ್ತು ಮುಳುಗುವುದರೊಳಗೆ ಮನೆಗೆ ಬರುತ್ತಿದ್ದಳು. ಬೋರ್ಡು ಓದಲು ಬಾರದವಳು ಬಸ್ಸನ್ನು ಹೇಗೆ ಗುರುತಿಸುತ್ತಾಳೆಂದು ನನಗೆ ಸೋಜಿಗ. ಅವಳು ಕಾಯುವವರ ಕೈ ನೋಡುತ್ತಿದ್ದಳು. ಎಕ್ಸರೇ ಕವರು, ಕೋರ್ಟಿನ ಕಾಗದ, ಕಾಲೇಜಿನ ಚೀಲ ಇದ್ದರೆ ರಾಯಚೂರಿನ ಬಸ್ಸು. ಭತ್ತದ ಸ್ಯಾಂಪಲ್ಲನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಹಿಡಿದವರು ಸಿರವಾರದವರು. ಕುರಿಯ ಕಿವಿಯ ಗುರುತು ನೋಡಿ ಯಾರ ಹಿಂಡಿನದೆಂದು ಹೇಳುತ್ತಿದ್ದವಳಿಗೆ ಇದೇನು ದೊಡ್ಡದು?

ಸಂಜೆ ಜೋಳ ಹಸನು ಮಾಡುತ್ತ ಆ ದಿನದ ಊರನ್ನು ನನಗೆ ಹೇಳುತ್ತಿದ್ದಳು. ಅವಳ ಅಳತೆಗೋಲು ನೀರು. ಹೋದ ಊರಲ್ಲೆಲ್ಲ ಒಂದು ತಂಬಿಗೆ ನೀರು ಕೇಳಿ ಕುಡಿಯುವಳು. ಮಾನ್ವಿಯಲ್ಲಿ ನೀರು ಕೇಳಿದರೆ “ಯಾರ ಮನಿಯಾಕಿ?” ಎಂದು ಕೇಳಿ ಕೊಡುತ್ತಾರೆ, ದೇವದುರ್ಗದಲ್ಲಿ ಕೊಟ್ಟ ಮೇಲೆ ಕೇಳುತ್ತಾರೆ, ರಾಯಚೂರಿನಲ್ಲಿ ಮುಖವನ್ನೂ ನೋಡದೆ ಜಗ್ಗನ್ನೇ ಮುಂದೆ ತಳ್ಳುತ್ತಾರೆ, ಆದರೆ ಇಲ್ಲ ಅನ್ನುವುದಿಲ್ಲ. “ದೊಡ್ಡ ಊರಿಗೆ ಮಾತಾಡಾಕ ಪುರಸತ್ತಿಲ್ಲ, ಕೈ ಅದ” ಎಂದಿದ್ದಳು. ಒಂದು ಊರನ್ನು ಇಷ್ಟು ಚೊಕ್ಕವಾಗಿ ಅಳೆದವರನ್ನು ನಾನು ಬೇರೆ ಕಂಡಿಲ್ಲ.

ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆ, ನಿಮ್ಮಲ್ಲೂ ಇರಬಹುದು. ಹೆಣ್ಣುಮಗಳು ಬಸ್ಸು ಹತ್ತಬೇಕಾದರೆ ಕೈಯಲ್ಲೊಂದು ಕಾರಣ ಇರಬೇಕು. ಮದುವೆ, ಸತ್ತವರ ಮಣ್ಣು, ಬಾಣಂತನ, ದವಾಖಾನೆ, ಸಂತೆ ಇವಿಷ್ಟು ಕಾರಣಗಳು. ಕೈಚೀಲವೂ ಇಲ್ಲದೆ, ಜೊತೆಗೊಬ್ಬರೂ ಇಲ್ಲದೆ, ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹೆಂಗಸನ್ನು ಕಂಡರೆ ಜನ ಒಂದೇ ಅರ್ಥ ಮಾಡುತ್ತಾರೆ. ಮನೆಯಲ್ಲಿ ಜಗಳವಾಡಿ ಬಂದಿದ್ದಾಳೆ.

ನನ್ನ ಸೊಸೆ ಸಿರವಾರದವಳು. ಅವಳ ತಾಯಿ, ನನ್ನ ಬೀಗತಿ, ದೇವದುರ್ಗದಲ್ಲಿ ಅಕ್ಕನನ್ನು ನೋಡಿದ್ದಳಂತೆ. ಮುಂದಿನ ವಾರವೇ ನಮ್ಮ ಮನೆಗೆ ಬಂದು, ಚಹಾದ ಬಸಿ ಕೆಳಗಿಡದೆ ಕೇಳಿದಳು: “ನಿಮ್ಮಕ್ಕ ಬಸ್‌ಸ್ಟ್ಯಾಂಡಿನಾಗ ಒಬ್ಬಾಕೀನ ಮಂಡಾಳ ತಿನ್ಕೋತ ಕುಂತಿದ್ಲಲ್ರೀ. ಮನ್ಯಾಗ ಏನರ ಮಾತು ಬಂದಾವೇನ್ರೀ? ನನ್ನ ಮಗಳೇನರ ಅಂದಾಳೇನು?”

“ಇಲ್ರೀ, ಅಕ್ಕ ಸುಮ್ಮನ ಊರು ನೋಡಾಕ ಹೋಗಿರ್ತಾಳ.”

“ಊರು ನೋಡಾಕ?” ಬೀಗತಿ ನಕ್ಕಳು. “ಅಲ್ಲೇನು ಸಿನೇಮಾ ಹಾಕ್ಯಾರ?”

ಆ ನಗು ನನ್ನನ್ನು ಸುಟ್ಟಿತು. ಅಕ್ಕನಿಗೆ ಹೇಳಿದ್ದರೆ ಅವಳು ತನ್ನ ರೀತಿಯಲ್ಲಿ ಉತ್ತರ ಕೊಡುತ್ತಿದ್ದಳು. ಹೇಳುವ ಧೈರ್ಯ ನನಗಿರಲಿಲ್ಲ. ಅದೇ ಸಂಜೆ ಅವಳು ಸ್ನಾನಕ್ಕೆ ಹೋದಾಗ ಗೂಟಕ್ಕೆ ತೂಗುಹಾಕಿದ್ದ ಸಂಚಿಯಿಂದ ಕಾರ್ಡು ತೆಗೆದೆ. ನಾಲ್ಕು ದಿನ ಮನೆಯಲ್ಲಿ ಕೂರಲಿ, ಜನರ ಬಾಯಿ ಮುಚ್ಚಲಿ, ಆಮೇಲೆ ಸಿಕ್ಕಿತೆಂದು ಕೊಟ್ಟರಾಯಿತು ಎಂದುಕೊಂಡಿದ್ದೆ.

ಅಕ್ಕ ಹುಡುಕಿದಳು. ಸಂಚಿಯ ಹೊಲಿಗೆ ಬಿಚ್ಚಿದಳು, ಕೌದಿ ಜಾಡಿಸಿದಳು, ಜೋಳದ ಚೀಲಕ್ಕೆ ಮೊಣಕೈತನಕ ಕೈಹಾಕಿ ತಡಕಾಡಿದಳು. ನಾನೂ ಅವಳ ಜೊತೆ ಹುಡುಕಿದೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಬೇಕು: ಮಂಚದ ಕೆಳಗೆ ಬಗ್ಗಿ, “ಇಲ್ಲೂ ಇಲ್ಲಲ್ಲಕ್ಕ” ಎಂದೆ. ಟಿಕೆಟ್ ತೆಗೆಸಿಕೊಂಡಾದರೂ ಅವಳು ಹೋಗಬಹುದಿತ್ತು. ಹೋಗಲಿಲ್ಲ. ಏಕೆಂದು ಕೇಳಿದಾಗ ಹೇಳಿದಳು: “ಮುನ್ನೂರು ಕುರಿಯಾಗ ಒಂದು ಕಡಿಮಿ ಇದ್ರ ಕಣ್ಣಾಗ ತಿಳೀತಿತ್ತು ನನಗ. ಈಗ ಕೈಯಾಗಿನ ಕಾರ್ಡು ಕಳಕೊಂಡೀನಿ. ನಾಳಿ ದಾರೀನ ಕಳಕೊಂಡ್ರ?”

ಕಾರ್ಡು ಮುಚ್ಚಿಟ್ಟರೆ ಕಾಲು ನಿಲ್ಲುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ನಿಂತದ್ದು ಅವಳಿಗೆ ತನ್ನ ಮೇಲಿದ್ದ ನಂಬಿಕೆ. ಆ ದಿನವೇ ಹೇಳಿಬಿಡಬೇಕಿತ್ತು. ತಪ್ಪು ಹೊಸದಿದ್ದಾಗ ನಾಲಿಗೆಗೆ ಹಗುರ, ಹಳತಾದಷ್ಟೂ ಭಾರ. ನಾಳೆ, ನಾಳೆ ಎನ್ನುತ್ತ ನಾನು ಬರೀ ಭಾರ ಬೆಳೆಸಿದೆ.

ಆ ನಡುವೆ ಸೊಸೆಯ ಸೀಮಂತಕ್ಕೆ ಹಸಿರು ಬಳೆ ತರಬೇಕಾಯಿತು. ಬಳೆ ಮಾನ್ವಿಯಲ್ಲೂ ಸಿಗುತ್ತವೆ, ಆದರೆ ನಾನು ದೇವದುರ್ಗಕ್ಕೆ ಹೊರಟೆ. ಅಕ್ಕ ಹೋದ ದಾರಿ ನೋಡಬೇಕೆನ್ನಿಸಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಕಿಟಕಿ ಪಕ್ಕ ಕೂತು, ಬೇರೆ ಕೆಲಸವಿಲ್ಲದೆ, ಕಣ್ಣಿಗೆ ಬಿದ್ದದ್ದನ್ನು ನೋಡುತ್ತ ಹೋದದ್ದು ನನ್ನ ಆಯುಷ್ಯದಲ್ಲೇ ಅದು ಮೊದಲು. ಸಿರವಾರದ ತನಕ ಕಾಲುವೆಯ ನೀರು ರಸ್ತೆಯ ಜೊತೆ ಮಾತಾಡುತ್ತ ಬಂದಂತಿತ್ತು. ಭತ್ತದ ಗದ್ದೆಗಳು ಹಿಂದೆ ಸರಿದು, ಹತ್ತಿಯ ಹೊಲ ಬಂದು, ಅದರಾಚೆ ಬಂಡೆಯ ಮೇಲೆ ಬಂಡೆ ಪೇರಿಸಿದ ಗುಡ್ಡಗಳು ತಲೆ ಎತ್ತಿದವು. ಸಂತೆಗೆ ಹೊರಟ ಮುದುಕಿಯೊಬ್ಬಳು ತನ್ನ ಕೋಳಿಯನ್ನು ಕೇಳದೆಯೇ ನನ್ನ ತೊಡೆಯ ಮೇಲಿಟ್ಟು ನಿದ್ದೆಹೋದಳು. ಹತ್ತುವವರಿಗೆ ಸರಿದು ಜಾಗ ಕೊಡುವುದು, ನಿಂತವರ ಕೂಸನ್ನು ಕೂತವರು ಎತ್ತಿಕೊಳ್ಳುವುದು, ಯಾರೂ ಯಾರಿಗೂ ಕಲಿಸದ ಈ ಮರ್ಯಾದೆ ನೋಡಿ ನನಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಆಯಿತು.

ದೇವದುರ್ಗದ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಬಳೆ ಮಾರುವ ಬೀಬಮ್ಮ ಸೊಸೆಯ ಅಳತೆ ಅಂದಾಜಿಗೆಂದು ನನ್ನ ಕೈ ಒತ್ತಿ ನೋಡುತ್ತ ಊರು ಕೇಳಿದಳು. ಮಾನ್ವಿ ಎಂದೆ.

“ಮಾನ್ವೀದಾಗ ದುರುಗಮ್ಮ ಅಂತ ಅದಾರಲ್ಲ, ಎತ್ತರ, ಕುರಿಯವ್ರು. ಬಾಳ ದಿನ ಆತು, ಬರವಲ್ರು. ಇಲ್ಲೇ ಕುಂತು ನೀರು ಕುಡದು, ನನ್ನ ಯಾಪಾರ ಕೆಡಿಸಿ ಹೋಗ್ತಿದ್ರು.” ನಕ್ಕಳು. “ಈ ಬಳಿ ಗಟ್ಟಿ ಇಲ್ಲ ಅಂತ ಗಿರಾಕಿಗೆ ಹೇಳಿಬಿಡೋರು! ಹುಷಾರ್ ಅದಾರಿಲ್ಲ?”

“ಹುಷಾರ್ ಅದಾಳ” ಎಂದೆ. ನಮ್ಮ ಬೀಗತಿಗೆ ಮನೆ ಬಿಟ್ಟು ಬಂದವಳಂತೆ ಕಂಡಿದ್ದ ಅಕ್ಕನಿಗಾಗಿ ಈ ಊರಲ್ಲೊಬ್ಬಳು ದಾರಿ ಕಾಯುತ್ತಿದ್ದಳು. ಕಾರಣವಿಲ್ಲದೆ ಬರುವವಳಿಗಷ್ಟೇ ಸಿಗುವ ಗೆಳೆತನ ಅದು. ಮದುವೆಗೂ ಮಣ್ಣಿಗೂ ಓಡುವ ನನಗೆ ಮೂರು ತಾಲೂಕು ತುಂಬ ನೆಂಟರಿದ್ದಾರೆ, ಇಂಥ ಒಬ್ಬಳಿಲ್ಲ.

ಮನೆಗೆ ಬಂದರೆ ಅಕ್ಕ ಕಟ್ಟೆಯ ಮೇಲೆ ಕೂತು ಬೆರಳು ಮಡಚುತ್ತ ಮಾನ್ವಿಯಿಂದ ರಾಯಚೂರಿನ ತನಕದ ಊರುಗಳ ಹೆಸರು ಹೇಳಿಕೊಳ್ಳುತ್ತಿದ್ದಳು. ದಿನಾ ಹೀಗೆ ತನ್ನ ನೆನಪನ್ನು ಪರೀಕ್ಷೆ ಮಾಡುತ್ತಿದ್ದಳೆಂದು ಅಂದು ತಿಳಿಯಿತು. ಒಂದು ಹೆಸರು ಹಿಂದುಮುಂದಾಯಿತು. ನನ್ನ ಕಡೆ ತಿರುಗಿ, “ಹುಲಿಗಿ, ರಾಯಚೂರು ದವಾಖಾನಿಗೆ ಕರಕೊಂಡು ಹೋಗು. ನನ್ನ ತಲಿ ತೋರಸು” ಎಂದಳು.

ಮರುದಿನ ಬೆಳಿಗ್ಗೆ ಕಾರ್ಡನ್ನು ನನ್ನ ಸಂಚಿಗೆ ಹಾಕಿಕೊಂಡೆ. ಬಸ್‌ಸ್ಟ್ಯಾಂಡಿನಲ್ಲಿ ಹೇಳಬೇಕೆಂದುಕೊಂಡೆ, ಆಗಲಿಲ್ಲ. ಸೀಟು ಸಿಕ್ಕ ಮೇಲೆ ಎಂದುಕೊಂಡೆ, ಆಗಲೂ ಆಗಲಿಲ್ಲ. ಬಸ್ಸು ಹತ್ತಿದ್ದೇ ಅಕ್ಕನ ಮುಖಕ್ಕೆ ಕಳೆ ಬಂದಿತ್ತು. ರಾಯಚೂರಿನ ಕೋಟೆಗೋಡೆಯ ಉದ್ದನೆಯ ಕಲ್ಲಿನಲ್ಲಿ, ಅದೇ ಕಲ್ಲನ್ನು ಗಾಡಿಯಲ್ಲಿ ಹೇರಿ ಜೋಡಿಜೋಡಿ ಜಾನುವಾರು ಎಳೆದು ತರುವ ಚಿತ್ರ ಕೆತ್ತಿದ್ದಾರೆ, ತೋರಿಸುತ್ತೇನೆ ಎಂದಳು. “ಕಲ್ಲು ತರಿಸಿದ ರಾಜಾನ ಹೆಸರು ಯಾರರ ಓದಲಿ. ಎಳದ ದನಾನೂ ಬರದಾರಲ್ಲ, ಅದು ಚಂದ.” ತಲೆ ಕೆಟ್ಟಿದೆಯೆಂದು ಹೆದರಿ ಹೊರಟವಳ ಮಾತು ಇದು.

ಅಷ್ಟರಲ್ಲಿ ಕಂಡಕ್ಟರು ಬಂದ. “ಕಾರ್ಡ್ ತೆಗೀರಿ ಯವ್ವಾ, ಲಗೂನ.”

“ನಂದು ಕಳದದಪ್ಪಾ. ನನಗ ಟಿಕೇಟ ಹರಿ” ಎಂದಳು ಅಕ್ಕ.

ನಾನು ಎರಡು ಕಾರ್ಡು ತೆಗೆದು ಮುಂದೆ ಹಿಡಿದೆ. ಕಂಡಕ್ಟರು ಒಂದನ್ನು ನೋಡಿ, ಅಕ್ಕನ ಮುಖ ನೋಡಿ, “ಎಲ್ಲಿ ಕಳದದರೀ? ಈ ಸಿಟ್ಟಿನ ಮಾರಿ ನಿಮ್ದ ಅದ ನೋಡ್ರಿ” ಎಂದು ನಗುತ್ತ ಮುಂದೆ ಹೋದ.

ಅಕ್ಕ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಎಲ್ಲಿ ಸಿಕ್ತು?”

ಕೌದಿ ಒಗೆಯುವಾಗ ಸಿಕ್ಕಿತು ಎಂಬ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. “ನಾನ ಇಟ್ಟಿದ್ದೆ” ಎಂದೆ, ಮೆಲ್ಲಗೆ.

“ಏನಂದಿ? ಜೋರ್ ಹೇಳು, ಗಾಡಿ ಸಪ್ಪಳಕ್ಕ ಕೇಳವಲ್ದು.”

“ನಾನ ಬಚ್ಚಿಟ್ಟಿದ್ದೆ ಅಕ್ಕಾ! ನನ್ನ ಟ್ರಂಕಿನಾಗ!”

ಮುಂದಿನ ಸೀಟಿನವರು ತಿರುಗಿ ನೋಡಿದರು. ಅಕ್ಕ ನನ್ನ ಕಡೆ ತಿರುಗಿ ಕೂತಳು. “ಅಂದ್ರ, ನಾ ಕಳದಿಲ್ಲ?”

“ಇಲ್ಲ.”

“ನನ್ನ ತಲಿ ನೆಟ್ಟಗದ?”

“ನೆಟ್ಟಗದ ಅಕ್ಕಾ.”

ಅವಳು ಆಚೆ ಸೀಟಿನ ಹೆಂಗಸಿನ ಮೊಣಕೈ ಹಿಡಿದು ಅಲುಗಿಸಿದಳು. “ಕೇಳಿದೇನವಾ? ನನ್ನ ತಲಿ ನೆಟ್ಟಗದಂತ!” ಎಂದು ಬಾಯ್ತುಂಬ ನಕ್ಕಳು. ಆ ಹೆಂಗಸು ಏನೂ ತಿಳಿಯದಿದ್ದರೂ ಜೊತೆಗೆ ನಕ್ಕಳು. ಆಮೇಲೆ ಅಕ್ಕನ ನಗು ನಿಂತಿತು. ಮುಖವನ್ನು ಕಿಟಕಿಗೆ ತಿರುಗಿಸಿದಳು. ಕಲ್ಲೂರು ಬಂತು, ಹೋಯಿತು. ಅವಳು ಹೆಸರು ಹೇಳಲಿಲ್ಲ. ಹೊಲಗಳು ಹೋದವು, ಕುರಿಯ ಒಂದು ಹಿಂಡು ಹೋಯಿತು, ಅವಳು ಎಣಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ತಿರುಗದೆಯೇ ಅಂದಳು: “ಬಚ್ಚಿಟ್ಟಿದ್ದು ಹೇಳಿದಿ. ಬಸ್ಸಿಗೆಲ್ಲಾ ಕೇಳೋಹಂಗ ಹೇಳಿದಿ. ಇನ್ನೊಂದು ಮಾತು ಉಳದದ.”

“ತಪ್ಪಾತಕ್ಕಾ” ಎಂದೆ. ಈ ಸಲ ಯಾರೂ ಜೋರಾಗಿ ಹೇಳು ಅನ್ನಲಿಲ್ಲ, ಆದರೂ ಜೋರಾಗಿಯೇ ಹೇಳಿದೆ. “ಮಂದಿ ಏನಂತಾರೋ ಅಂತ ಅಂಜಿ, ನಿನ್ನ ತಲಿ ಮ್ಯಾಲ ನಿನಗ ಅನುಮಾನ ಬರೋಹಂಗ ಮಾಡಿದೆ. ಕಣ್ಣಿಲೆ ನೋಡ್ಕೋತ ಸುಮ್ಮನ ಇದ್ದೆ. ನಂದು ತಪ್ಪಾತು.”